ಮಡಿಕೇರಿಯ ಮನೆಯಲ್ಲಿರುವ ಲಾಫೀತ್ 2008: ಕೊಂಡ ಬೆಲೆ ಏಕೆ ಬರುತ್ತಿಲ್ಲ?

ಫ್ರಾನ್ಸಿನ ಕೆಂಪು ವೈನ್ ಲಾಫೀತ್‌ನ 2008ರ ಬಾಟಲಿಗಳಿಗೆ ಈಗ ಕೊಂಡ ಬೆಲೆ ಬರುತ್ತಿಲ್ಲ, ಬೂಷ್ಟೂ ಹಿಡಿದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. 2011ರ ಆರಂಭದಲ್ಲಿ ನೀವು ಕೊಟ್ಟದ್ದು ಸಟ್ಟಾ ಬೆಲೆ. ಅದಕ್ಕೇ ಅಷ್ಟು ಹಣ ಮರಳುತ್ತಿಲ್ಲ. ಬಾಟಲಿಯ ಮೇಲೆ ಚೀನೀಯರು ಶುಭವೆಂದು ನಂಬುವ ಎಂಟರ ಅಂಕಿ, ಅವರದೇ ಲಿಪಿಯಲ್ಲಿ, ಬರಲಿದೆ ಎಂದು 2010ರಲ್ಲಿ ತಿಳಿದೊಡನೆ, ಕುಡಿಯುವ ಮನಸ್ಸಿಲ್ಲದವರೂ ಪೆಟ್ಟಿಗೆಗಟ್ಟಲೆ ಕೊಂಡರು. ಕಾಳುಮೆಣಸನ್ನು ದರ ಏರಲೆಂದು ಗೋದಾಮಿನಲ್ಲಿ ಕೂಡಿಟ್ಟಂತೆ. ಎಲ್ಲರೂ ಒಮ್ಮೆಲೇ ಮಾರಲು ಹೊರಟಾಗ ಬೆಲೆ ಕುಸಿಯಿತು.

ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ವೈನ್ ಕತ್ತಿನಿಂದ ಕೆಳಗಿಳಿದಿದ್ದರೆ, ಬಿರಡೆಯ ಸುತ್ತ ಅಂಟಿದ್ದರೆ ಸೋರಿದೆ ಎಂದರ್ಥ. ಮಳೆಗಾಲದ ಬೂಷ್ಟು ಬಾಟಲಿಗೆ ಅಂಟಿಸಿದ ಚೀಟಿಗೆ ಮಾತ್ರ ಹಿಡಿದಿದ್ದರೆ ಒಳಗಿನ ವೈನ್ ಬಹುಶಃ ಚೆನ್ನಾಗಿಯೇ ಇದೆ. ನೋಡದೆ ಖಚಿತವಾಗಿ ಹೇಳಲಾರೆ. ನಂತರ ಮಲಗಿಸಿ, ಕತ್ತಲಲ್ಲಿ, 12-13 ಡಿಗ್ರಿಯಲ್ಲಿಡಿ. ಪರವಾನಗಿಯಿಲ್ಲದೆ ಯಾರಿಗೂ ಮಾರಬೇಡಿ, ಅದು ಅಪರಾಧ.

ನನ್ನ ಮಾತು ಕೇಳುವಿರಾದರೆ, ಈ ಹುತ್ತರಿಗೆ ಒಂದನ್ನು ತೆರೆಯಿರಿ. ಪಂದಿ ಕರಿಯೊಂದಿಗೆ ಬೇಡ, ಕಾಚಂಪುಳಿಯ ಹುಳಿ ವೈನಿನ ರುಚಿಯನ್ನು ಮುಳುಗಿಸುತ್ತದೆ.