ಮೇ ತಿಂಗಳಲ್ಲಿ ಚಿಕ್ಕಮಗಳೂರು: ಎರಡು ದಿನ, ಜೊತೆಗೆ ಅಮ್ಮ

ಚಿಕ್ಕಮಗಳೂರು ಊರಿನಲ್ಲೇ ಉಳಿದು, ಮಂಡಿನೋವಿರುವ ಅಮ್ಮನೊಂದಿಗೆ ಎರಡು ದಿನ ಎಲ್ಲೆಲ್ಲಿ ಹೋಗಿಬರಬಹುದು ಎಂದು ಕೇಳಿದ್ದೀರಿ. ಮೊದಲ ದಿನ ಬೆಳಿಗ್ಗೆ ಆರಕ್ಕೇ ಮುಳ್ಳಯ್ಯನಗಿರಿಗೆ ಹೊರಡಿ. 1,930 ಮೀಟರ್ ಎತ್ತರವಿದ್ದರೂ ಮೇ ತಿಂಗಳ ಹತ್ತು ಗಂಟೆಯ ಬಿಸಿಲು ಅಲ್ಲಿ ನೆತ್ತಿ ಸುಡುತ್ತದೆ. ನೆರಳಿಗೆ ಒಂದು ಮರವೂ ಸಿಗದ ಹುಲ್ಲುಗುಡ್ಡ ಅದು. ವಾಹನ ನಿಲ್ಲುವ ಜಾಗದಿಂದ ತುದಿಯಲ್ಲಿರುವ ಗದ್ದುಗೆಯವರೆಗೆ ನೂರಾರು ಮೆಟ್ಟಿಲುಗಳಿವೆ. ಅಮ್ಮ ಕೆಳಗೇ ಕೂತು ಕಣಿವೆ ನೋಡಲಿ, ಹಟ ಬೇಡ. ಬೆಟ್ಟಕ್ಕೆ ವಾಹನ ಬಿಡುವ ನಿಯಮಗಳು ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಹೆಬ್ಬೆ ಜಲಪಾತವನ್ನು ನಾನಾದರೆ ಕೈಬಿಡುತ್ತೇನೆ. ಜೀಪಿನ ಕುಲುಕಾಟ, ಆಮೇಲೆ ನಡಿಗೆ, ಕೊನೆಗೆ ಬೇಸಿಗೆಯ ಸೊರಗಿದ ನೀರು.

ಎರಡನೆಯ ದಿನ ಬಯಲಿಗಿಳಿದು ಬೆಳವಾಡಿಗೆ ಹೋಗಿ. ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಹತ್ತಿರದ ಬೆಳವಾಡಿಯ ವೀರನಾರಾಯಣ ದೇವಾಲಯ ಮಾತ್ರ ತಣ್ಣಗಿರುತ್ತದೆ. ಮೂರು ಗರ್ಭಗುಡಿಗಳ ಹೊಯ್ಸಳ ಗುಡಿ. ಕಡೆದು ನುಣುಪು ಮಾಡಿದ ಕಂಬಗಳು ಎಷ್ಟು ಹೊಳೆಯುತ್ತವೆಂದರೆ, ಹತ್ತಿರ ನಿಂತರೆ ನಿಮ್ಮ ನೆರಳೇ ಅದರಲ್ಲಿ ಅಲುಗಾಡುತ್ತದೆ. ಕಳೆದ ಬೇಸಿಗೆಯಲ್ಲಿ ನನ್ನ ಅತ್ತೆ ಆ ಕಲ್ಲಿಗೆ ಅಂಗೈ ಒತ್ತಿ, “ಮಡಕೆಯ ಹಾಗೆ ತಂಪಾಗಿದೆ” ಎಂದು ಅಲ್ಲೇ ಒಂದು ಗಂಟೆ ಕೂತರು.

ಕಾಫಿ ಹೂವು ನೋಡುವ ಆಸೆಯನ್ನೂ ಬರೆದಿದ್ದೀರಿ. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬೀಳುವುದು ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್‌ನಲ್ಲಿ. ಮೇ ಹೊತ್ತಿಗೆ ಗಿಡದಲ್ಲಿ ಹಸಿರು ಮಿಡಿಗಳಷ್ಟೇ. ಸಂಜೆ ಗುಡುಗು ಮಳೆ ಬರಬಹುದು, ಕೊಡೆ ಮರೆಯಬೇಡಿ.