ಹಿಮೋಗ್ಲೋಬಿನ್ ಸರಿ ಇದ್ದರೂ ಸುಸ್ತು: ಫೆರಿಟಿನ್ ನೋಡಿಸಿದ್ದೀರಾ?

ಹಿಮೋಗ್ಲೋಬಿನ್ 12.3, ಥೈರಾಯ್ಡ್, ಶುಗರ್ ಎಲ್ಲಾ ನಾರ್ಮಲ್, ಆದರೂ ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುತ್ತಿದೆ ಅಂತ ಬರೆದಿದ್ದೀರಿ. "ಎಲ್ಲಾ ನಿನ್ನ ಭ್ರಮೆ" ಅಂತ ಮನೆಯವರು ಅಂದಿದ್ದು ಓದಿ ಬೇಜಾರಾಯಿತು. ಖಂಡಿತ ಭ್ರಮೆಯಲ್ಲ. ನನಗೂ ಹೀಗೇ ಆಗಿತ್ತು. ಬಾಚಣಿಗೆ ತುಂಬ ಕೂದಲು. ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆ ಹಿಂಡುವುದಕ್ಕೂ ಕೈಯಲ್ಲಿ ಬಲ ಇರುತ್ತಿರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಫೆರಿಟಿನ್ ಕಾಣಲಿಲ್ಲ. ಅದು ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ರಕ್ತಪರೀಕ್ಷೆ. ಮೊದಲು ಖಾಲಿಯಾಗುವುದು ಈ ದಾಸ್ತಾನು, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಕಣಜ ಬರಿದಾದರೂ ಅಡುಗೆಮನೆ ಡಬ್ಬಿಯಲ್ಲಿ ಸ್ವಲ್ಪ ದಿನ ಅಕ್ಕಿ ಇರುತ್ತದೆ ಅಲ್ವಾ, ಹಾಗೆ. ನನ್ನ ಫೆರಿಟಿನ್ 9 (ng/mL) ಇತ್ತು. ದೊಡ್ಡವರಲ್ಲಿ 15ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 30ರ ಕೆಳಗಿದ್ದರೂ ಎಷ್ಟೋ ವೈದ್ಯರು ಔಷಧಿ ಕೊಡುತ್ತಾರೆ. ಆದರೆ ಜ್ವರ, ಸೋಂಕು ಇದ್ದಾಗ ಈ ಪರೀಕ್ಷೆ ಮಾಡಿಸಬೇಡಿ, ಆಗ ಸುಮ್ನೆ ಜಾಸ್ತಿ ತೋರಿಸುತ್ತದೆ. ಸಸ್ಯಾಹಾರಿಯಾಗಿದ್ದರೆ ಬಿ12 ಕೂಡ ನೋಡಿಸಿ.

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ? ಡಾಕ್ಟರ ಹತ್ತಿರ ಸಂಕೋಚ ಬಿಟ್ಟು ಹೇಳಿ. ಕಬ್ಬಿಣದ ಮಾತ್ರೆ ನೀವಾಗಿಯೇ ಶುರು ಮಾಡಬೇಡಿ. ಊಟದ ಜೊತೆ ಕಾಫಿ, ಟೀ ಬೇಡ. ಏದುಸಿರಿನ ಜೊತೆ ಎದೆನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.