ಅಣಕು ಜ್ಯೂರಿ ಕೆಲಸಕ್ಕೆ ದುಡ್ಡು ಕಟ್ಟಲೇ?

ಪ್ರಶ್ನೆ: ಅಮೆರಿಕದ ಕೇಸು ಓದಿ ಮನೆಯಿಂದಲೇ ಅಣಕು ಜ್ಯೂರಿಯಾಗಿ ತೀರ್ಪು ಕೊಟ್ಟರೆ ಡಾಲರ್ ಸಿಗುತ್ತದಂತೆ. ನೋಂದಣಿಗೆ ₹1,500 ಕೇಳುತ್ತಿದ್ದಾರೆ. ಕಟ್ಟಬಹುದೇ?
– ಗೃಹಿಣಿ, ಕಾಪು

ಉತ್ತರ: ಬೇಡಿ. ಕೆಲಸವೇನೋ ನಿಜ. ಅಮೆರಿಕದ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ತಂಡವೇ ಜ್ಯೂರಿ. ವಿಚಾರಣೆಗೆ ಮೊದಲು ತಮ್ಮ ವಾದ ನಿಲ್ಲುತ್ತದೋ ಇಲ್ಲವೋ ನೋಡಲು ಅಲ್ಲಿನ ವಕೀಲರು ಕೇಸಿನ ಸಾರಾಂಶ ಓದಿಸಿ, ಅಭಿಪ್ರಾಯ ಕೇಳುತ್ತಾರೆ. ಇಂಥ ಕೆಲಸ ಕೊಡುವ 'ಇ-ಜ್ಯೂರಿ' ಎಂಬ ಜಾಲತಾಣ ಕೊಡುವುದು ಕೇಸಿಗೆ 5ರಿಂದ 10 ಡಾಲರ್, ಅಷ್ಟೇ. ಆದರೆ 18 ತುಂಬಿದ ಅಮೆರಿಕದ ಪ್ರಜೆಯೇ ಬೇಕು. ಅದರಲ್ಲೂ ಕೇಸು ನಡೆಯುವ ಕೌಂಟಿಯವರನ್ನೇ (ನಮ್ಮ ಜಿಲ್ಲೆಯಂತೆ) ಹುಡುಕುತ್ತಾರೆ, ನಿಜವಾದ ಜ್ಯೂರಿ ಬರುವುದೂ ಅಲ್ಲಿಂದಲೇ ತಾನೆ! ಕಾಪುವಿನ ವಿಳಾಸಕ್ಕೆ ಕೇಸು ಬಾರದು. ಸುಳ್ಳು ವಿಳಾಸ ಕೊಡಿ ಎಂದರೆ ಒಪ್ಪಬೇಡಿ. ಕೆಲಸ ಕೊಡುವವರು ಮೊದಲೇ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಈಗಾಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವಹಿವಾಟಿನ ಸಂಖ್ಯೆ, ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.